ನಮ್ಮ ಪ್ರೆಸ್ಸಿನಲ್ಲಿ ಆರಿಸಿದ ವರ್ಷದ ಆಟಗಾರ್ತಿ

ಒಬ್ಬರಿಗೆ ಶಾಲು ಹೊದಿಸಬೇಕು ಅಂತ ನಾಲ್ಕು ಜನ ಸೇರಿದರೆ ಅಲ್ಲಿ ಏನಾದರೊಂದು ಎಡವಟ್ಟು ಆಗದೇ ಇರುವುದಿಲ್ಲ. ಆ ನಾಲ್ಕು ಜನ ನಾವೇ ಆಗಿದ್ದರಂತೂ ಶಾಲು ಕೊಳ್ಳುವ ಮೊದಲೇ ಆಗುತ್ತದೆ. ಇಷ್ಟು ವರ್ಷಗಳಲ್ಲಿ ನನಗೆ ಅದೇ ಅಭ್ಯಾಸವಾಗಿದೆ. ಎಡವಟ್ಟು ಇಲ್ಲದೆ ಮುಗಿದರೆ ಏನೋ ಮರೆತು ಬಂದಿದ್ದೇವೆ ಅನ್ನಿಸುತ್ತದೆ.

ನನ್ನದು ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ಒಂದೇ ಮಿಷನ್ನಿನಲ್ಲಿ ಅಚ್ಚು ಹಾಕಿ ಸಂಸಾರ ಸಾಗಿಸಿದವನು ನಾನು. ಈಗ ಜನ ಮದುವೆಯನ್ನೂ ಸಾವನ್ನೂ ಫೋನಿನಲ್ಲೇ ಕಳಿಸುತ್ತಾರೆ, ಮಿಷನ್ ಸುಮ್ಮನೆ ನಿಂತಿದೆ. ಗುಜರಿಯವನು ಬಂದಾಗಲೆಲ್ಲ ನಾನು ಅವನಿಗೆ ಕಾಫಿ ಕೊಟ್ಟು ವಾಪಸ್ಸು ಕಳಿಸುತ್ತೇನೆ. ಹಿಂದೆ ಕಾಗದ ಇಡುತ್ತಿದ್ದ ಹಲಗೆಯ ಮೇಲೆ ಈಗ ನಾವು ಕಾಫಿ ಲೋಟ ಇಡುತ್ತೇವೆ. ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲ್ ತಂಡದ ಅಭಿಮಾನಿಗಳು ಕೊಡುವ ‘ವರ್ಷದ ಆಟಗಾರ್ತಿ’ ಪ್ರಶಸ್ತಿ ಯಾರಿಗೆ ಅಂತ ತೀರ್ಮಾನವಾಗುವುದು ಆ ಹಲಗೆಯ ಸುತ್ತಲೇ.

ಅಭಿಮಾನಿಗಳು ಅಂದ ಕೂಡಲೇ ಮುಖಕ್ಕೆ ಬಣ್ಣ ಬಳಿದುಕೊಂಡು ಡೋಲು ಬಡಿಯುವವರನ್ನು ನೆನೆಸಿಕೊಳ್ಳಬೇಡಿ. ನಾವು ಮಂಡಿಗೆ ಬೆಲ್ಟ್ ಕಟ್ಟಿಕೊಂಡು ಬರುವ ಅಭಿಮಾನಿಗಳು. ನಾನು ಮತ್ತು ನನ್ನ ಹೆಂಡತಿ. ಬಸವನಗುಡಿಯ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟಿರುವ, ನಮ್ಮ ಹಿಂದಿನ ಬೀದಿಯ ಸಾಹುಕಾರರು. ಮತ್ತೆ ನಮ್ಮ ಗೋಲ್‌ಕೀಪರ್ ಹುಡುಗಿಯ ಅಮ್ಮ.

ಈ ಅಮ್ಮನ ವಿಷಯ ಮೊದಲೇ ಹೇಳಿಬಿಡಬೇಕು. ಅವರದು ನಮ್ಮ ಅಡ್ಡರಸ್ತೆಯಲ್ಲೇ ಒಂದು ಕಾಂಡಿಮೆಂಟ್ಸ್ ಅಂಗಡಿ. ಕೋಡುಬಳೆ ಕೇಳಿಕೊಂಡು ಹೋದವನಿಗೆ ಚಕ್ಕುಲಿ ತೂಕ ಹಾಕಿ, ತನಗೆ ಚಕ್ಕುಲಿಯೇ ಬೇಕಾಗಿತ್ತು ಅಂತ ಅವನೇ ನಂಬುವ ಹಾಗೆ ಮಾಡಿ ಕಳಿಸುವ ಮಾತು ಅವರದು. ನಮ್ಮ ಪ್ರಶಸ್ತಿಗೆ ಕೈ ಎತ್ತಿಸುವ ಪದ್ಧತಿ ಇಲ್ಲ. ಕೈ ಎತ್ತಿಸಿದರೆ ಮನಸ್ತಾಪ ಬರುತ್ತದೆ. ಎಲ್ಲರೂ ಮಾತಾಡಿ, ಎಲ್ಲರೂ ಒಪ್ಪಿ, ಆಮೇಲೆ ನಿಪ್ಪಟ್ಟು ತಿನ್ನಬೇಕು. ಯಾರೂ ತಮ್ಮ ಮನೆಯ ಮಕ್ಕಳ ಹೆಸರು ಎತ್ತಬಾರದು ಅನ್ನುವುದು ಯಾರೂ ಬಾಯಿಬಿಟ್ಟು ಹೇಳದ ಮರ್ಯಾದೆ. ಆದ್ದರಿಂದ ಈ ಅಮ್ಮ ಪ್ರತಿ ವರ್ಷವೂ ಬೇರೆ ಯಾರದೋ ಮಗಳ ಪರವಾಗಿ ಮಾತಾಡುತ್ತಾ ಬಂದರು. ಅವರು ಮಾತಾಡಿದ ಮೇಲೆ ನಾವು ಒಪ್ಪದೇ ಇರುವುದು ಸಾಧ್ಯವೇ ಇರಲಿಲ್ಲ. ತಂಡ ಹುಟ್ಟಿದಾಗಿನಿಂದ ಗೋಲು ಕಾದ ಅವರ ಮಗಳಿಗೆ ಮಾತ್ರ ಶಾಲು ಬರಲಿಲ್ಲ. ಅವಳ ಶಾಲಿಗೆ ಅಡ್ಡ ನಿಂತಿದ್ದು ಅವರಮ್ಮನ ಬಾಯಿಯೇ.

ಹೊಟ್ಟೆಗೆ ಬಿದ್ದ ಚೆಂಡು

ನಾವು ಅಭಿಮಾನಿಗಳಾಗಿದ್ದೂ ಆ ಬಾಯಿಂದಲೇ. ಆಗ ನಾನು, ಮೇಷ್ಟ್ರು, ಸಾಹುಕಾರರು ಸಾಯಂಕಾಲದ ಹೊತ್ತು ಮೈದಾನದಲ್ಲಿ ವಾಕಿಂಗ್ ಮಾಡುತ್ತಿದ್ದೆವು. ವಾಕಿಂಗ್ ಅಂದರೆ ಅರ್ಧ ಸುತ್ತು ಹಾಕಿ ಕಟ್ಟೆಯ ಮೇಲೆ ಕೂತು ಉಳಿದ ಅರ್ಧ ಸುತ್ತಿನ ಬಗ್ಗೆ ಮಾತಾಡುವುದು. ಆಮೇಲೆ ಮೂಲೆಯ ಹೋಟೆಲ್ಲಿನಲ್ಲಿ ಬೈಟು ಕಾಫಿ. ಆ ಹೋಟೆಲ್ ಈಗಿಲ್ಲ, ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಆ ಮೂಲೆ ದಾಟುವಾಗ ನಾನು ಈಗಲೂ ಕಾಫಿಯ ವಾಸನೆ ಹುಡುಕುತ್ತೇನೆ.

ಒಂದು ದಿನ ಹೀಗೆ ಕೂತಿದ್ದಾಗ, ಮೈದಾನದ ಒಂದು ಬದಿಯಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಹುಡುಗಿಯರ ಚೆಂಡು ಹಾರಿ ಬಂದು ಸಾಹುಕಾರರ ಹೊಟ್ಟೆಗೆ ಬಿತ್ತು. ಸಾಹುಕಾರರ ಹೊಟ್ಟೆ ತಪ್ಪಿಸಿಕೊಳ್ಳುವ ಗಾತ್ರದ್ದಲ್ಲ. ಅವರು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು, ನಿಮ್ಮ ಕೋಚ್ ಬಂದು ತಪ್ಪೊಪ್ಪಿಕೊಳ್ಳುವ ತನಕ ಕೊಡುವುದಿಲ್ಲ ಅಂತ ಕೂತುಬಿಟ್ಟರು. ಚೆಂಡು ತರಲು ಬಂದ ಹುಡುಗಿ, ಇನ್ನೂ ಹೈಸ್ಕೂಲಿನವಳು, ಕೈಗೆ ದೊಡ್ಡ ಗ್ಲೌಸ್ ಹಾಕಿಕೊಂಡು ಏನೂ ಮಾತಾಡದೆ ನಿಂತಳು. ಅವಳೇ ನಮ್ಮ ಗೋಲ್‌ಕೀಪರ್.

ಅಷ್ಟರಲ್ಲಿ ಅಂಗಡಿ ಮುಚ್ಚಿ ಮಗಳನ್ನು ಕರೆದುಕೊಂಡು ಹೋಗಲು ಅವರಮ್ಮ ಬಂದರು. ಬಂದವರು ಕ್ಷಮೆ ಕೇಳಲಿಲ್ಲ. ಸಾಹುಕಾರರ ಮುಂದೆ ನಿಂತು ಕೈಮುಗಿದು, “ಸಾರ್, ನೀವು ಇಲ್ಲಿ ಕೂತಿರ್ಲಿಲ್ಲ ಅಂದಿದ್ರೆ ಬಾಲು ಸೀದಾ ರಸ್ತೆಗೆ ಹೋಗಿ ಬಸ್ಸಿನ ಚಕ್ರದ ಕೆಳಗೆ ಬೀಳ್ತಿತ್ತು. ಈ ಮಕ್ಕಳಿಗೆ ಇರೋದೇ ಒಂದು ಒಳ್ಳೆ ಬಾಲು. ನೀವು ಉಳಿಸಿಕೊಟ್ರಿ,” ಅಂದರು.

ಸಾಹುಕಾರರು ಹೊಟ್ಟೆಯನ್ನು ಒಂದು ಸಲ ನೋಡಿಕೊಂಡರು. ಮುಖ ಸಡಿಲವಾಯಿತು. ಇರುವುದು ಒಂದೇ ಬಾಲೇ ಅಂತ ವಿಚಾರಿಸಿದರು. ಜೆರ್ಸಿ ಇದೆಯೇ ಅಂತ ಕೇಳಿದರು. ಇಲ್ಲ ಅಂದಾಗ ತಾವೇ ಹೊಲಿಸಿಕೊಡುತ್ತೇನೆ ಅಂದರು. ಮಾರನೇ ವಾರ ಕೋಚ್ ಮೇಡಂ ಅವರನ್ನು ಚಿಕ್ಕಪೇಟೆಯ ಅಂಗಡಿಗೆ ಕರೆಸಿ, ಜಮಖಾನದ ಮೇಲೆ ಕೂರಿಸಿ, ಒಡಲು ರಾಮಾ ಗ್ರೀನ್ ಇರಲಿ, ಅಂಚು ಅರಿಶಿನ ಇರಲಿ, ಮೈಸೂರು ಕಡೆ ತಂಡದವರು ಯಾರೂ ಈ ಕಾಂಬಿನೇಷನ್ ಉಟ್ಟಿಲ್ಲ ಅಂತ ವಿವರಿಸಿದರು. ನಮ್ಮ ಹುಡುಗಿಯರು ಇವತ್ತಿಗೂ ರಾಮಾ ಗ್ರೀನ್ ಒಡಲಿಗೆ ಅರಿಶಿನ ಅಂಚಿನಲ್ಲೇ ಆಡುತ್ತಾರೆ. ಸೆರಗು ಬೇಡ ಅಂತ ಒಪ್ಪಿಸುವಷ್ಟರಲ್ಲಿ ಮಾತ್ರ ಕೋಚ್ ಮೇಡಂಗೆ ಸಾಕುಸಾಕಾಗಿ ಹೋಯಿತಂತೆ.

ರಾಹುಕಾಲದ ನೀರಿನ ಬಾಟಲು

ನಮ್ಮ ಮ್ಯಾಚುಗಳು ಭಾನುವಾರ ಸಾಯಂಕಾಲ ನಾಲ್ಕಕ್ಕೆ ಶುರುವಾಗುತ್ತವೆ. ಭಾನುವಾರ ರಾಹುಕಾಲ ಶುರುವಾಗುವುದು ನಾಲ್ಕೂವರೆಗೆ. ನಲವತ್ತು ವರ್ಷ ಮಕ್ಕಳಿಗೆ ಪೈಥಾಗರಸ್ ಹೇಳಿಕೊಟ್ಟ ಮೇಷ್ಟ್ರಿಗೆ ಇದು ದೊಡ್ಡ ತಲೆನೋವು. ನಾಲ್ಕೂವರೆಯ ಒಳಗೇ ಗೋಲುಗಳನ್ನೆಲ್ಲ ಹೊಡೆದು ಮುಗಿಸಿಬಿಡಿ, ಆಮೇಲೆ ಸುಮ್ಮನೆ ಚೆಂಡು ಕಾಯ್ದುಕೊಳ್ಳಿ ಅಂತ ಅವರು ಕೋಚ್ ಮೇಡಂಗೆ ಹೇಳಿ ನೋಡಿದರು. ಮೇಡಂ ನಕ್ಕುಬಿಟ್ಟರು.

ಮೇಷ್ಟ್ರು ಬಿಡುವವರಲ್ಲ. ನಮ್ಮ ಮನೆಗಳಲ್ಲಿ ಒಂದು ರೂಢಿ ಇದೆಯಲ್ಲ, ಪ್ರಯಾಣದ ಹೊತ್ತಿಗೆ ರಾಹುಕಾಲ ಬರುವ ಹಾಗಿದ್ದರೆ ಒಳ್ಳೆ ಘಳಿಗೆಯಲ್ಲೇ ಒಂದು ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಚೀಲ ಹೊರಟರೆ ನಾವು ಹೊರಟಂತೆ ಲೆಕ್ಕ. ನಮ್ಮಮ್ಮ ಕಾಶಿಗೆ ಹೊರಟಾಗ ಅವರ ಕೈಚೀಲ ಹಿಂದಿನ ದಿನವೇ ಎದುರು ಮನೆಗೆ ಹೋಗಿ ಕೂತಿತ್ತು. ಮೇಷ್ಟ್ರು ಅದೇ ಪ್ರಕಾರ ನಮ್ಮ ಫಾರ್ವರ್ಡ್ ಹುಡುಗಿಯ ನೀರಿನ ಬಾಟಲನ್ನು ಇಸಿದುಕೊಂಡು, ನಾಲ್ಕೂವರೆಗೆ ಇನ್ನೂ ಸ್ವಲ್ಪ ಹೊತ್ತು ಇರುವಾಗಲೇ ಮೈದಾನವನ್ನು ಬಳಸಿಕೊಂಡು ಹೋಗಿ, ಎದುರಾಳಿಗಳ ಗೋಲಿನ ಬಲೆಯ ಹಿಂದೆ ಇಟ್ಟು ಬಂದರು. ಹುಡುಗಿ ಶುಭ ಘಳಿಗೆಯಲ್ಲಿ ಗೋಲಿಗೆ ಹೊರಟಂತೆ ಆಯಿತು, ಇನ್ನು ತಲುಪುವುದು ಅವಳ ಕೈಯಲ್ಲಿದೆ ಅಂತ ವಿವರಣೆ ಬೇರೆ ಕೊಟ್ಟರು.

ನಂಬುತ್ತೀರೋ ಇಲ್ಲವೋ, ಹುಡುಗಿ ಮೊದಲ ಅರ್ಧದಲ್ಲಿ ಒಂದು ಗೋಲು ಹೊಡೆದಳು. ಮೇಷ್ಟ್ರು ಕಾಲು ಮೇಲೆ ಕಾಲು ಹಾಕಿಕೊಂಡು ಕೂತರು. ವಿರಾಮದ ಹೊತ್ತಿಗೆ ಅಮ್ಮ ತಂದಿದ್ದ ನಿಪ್ಪಟ್ಟನ್ನು ತಮ್ಮ ಪಾಲಿಗಿಂತ ಜಾಸ್ತಿಯೇ ತಿಂದರು. ವಿರಾಮ ಮುಗಿದು ಆಟ ಮತ್ತೆ ಶುರುವಾದ ಮೇಲೆ ಎದುರಾಳಿಗಳು ನುಗ್ಗಿ ನುಗ್ಗಿ ಬಂದರು. ನಮ್ಮ ಗೋಲ್‌ಕೀಪರ್ ಬಿದ್ದು ಎದ್ದು ಮಣ್ಣಾಗಿ ಹಿಡಿದಳು, ಆದರೂ ಎರಡು ಗೋಲು ಒಳಗೆ ಹೋದವು. ಮ್ಯಾಚು ಸೋತೆವು.

ರಾಹುವಿಗೂ ಮೀರಿದ್ದು ಏನೋ ಇದೆ ಅಂತ ಮೇಷ್ಟ್ರು ಪಂಚಾಂಗ ತಿರುವುತ್ತಿದ್ದಾಗ, ಗೋಲ್‌ಕೀಪರ್ ಹುಡುಗಿ ತನ್ನ ಬಲೆಯ ಹಿಂದೆ ಸಿಕ್ಕಿತು ಅಂತ ಆ ಬಾಟಲನ್ನು ತಂದುಕೊಟ್ಟಳು. ಅರ್ಧ ಆಟ ಆದ ಮೇಲೆ ತಂಡಗಳು ಕಡೆ ಬದಲಾಯಿಸಿಕೊಳ್ಳುತ್ತವೆ ಅನ್ನುವುದು ಗಣಿತದ ಮೇಷ್ಟ್ರಿಗೆ ಹೊಳೆದಿರಲೇ ಇಲ್ಲ.

ಆ ವರ್ಷ ಪ್ರಶಸ್ತಿ ಮಾತುಕತೆಯಲ್ಲಿ ನಾನು ಮೆಲ್ಲಗೆ, ಗೋಲ್‌ಕೀಪರ್ ಕೂಡ ಚೆನ್ನಾಗಿ ಆಡಿದಳು ಅಂದೆ. ಅವಳ ಅಮ್ಮ ಕೈ ಅಡ್ಡ ಮಾಡಿ, ಎರಡು ಗೋಲು ಬಿಟ್ಟವಳಿಗೆ ಎಂಥ ಪ್ರಶಸ್ತಿ ಅಂದು, ಫಾರ್ವರ್ಡ್ ಹುಡುಗಿಯ ಪರ ಮಾತಾಡಿದರು. ಅವಳು ಬಾಟಲು ಇಲ್ಲದೆ ಬಾಯಾರಿಕೊಂಡೇ ಪೂರ್ತಿ ಆಟ ಆಡಿದಳು ಅನ್ನುವ ಮಾತು ಬಂದಾಗ ಮೇಷ್ಟ್ರು ಎಲ್ಲರಿಗಿಂತ ಮೊದಲು ಒಪ್ಪಿದರು.

ರೆಫರಿಗೆ ಅರಿಶಿನ ಕುಂಕುಮ

ಇದು ನನ್ನ ಹೆಂಡತಿಯ ಪ್ರಸಂಗ. ಅವಳ ಅಪ್ಪಣೆ ತೆಗೆದುಕೊಂಡೇ ಬರೆಯುತ್ತಿದ್ದೇನೆ.

ಗೌರಿ ಹಬ್ಬದ ಮುಂದಿನ ಭಾನುವಾರ ನಮ್ಮ ಮ್ಯಾಚು ಇತ್ತು. ಹೆಣ್ಣುಮಕ್ಕಳು ಹಬ್ಬದ ಹೊತ್ತಿನಲ್ಲಿ ಬರಿ ಹಣೆಯಲ್ಲಿ ಆಡುವುದೇ ಅಂತ ನನ್ನ ಹೆಂಡತಿ ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆಅಡಿಕೆ, ಬ್ಲೌಸ್ ಪೀಸು ಜೋಡಿಸಿಕೊಂಡು ಮೈದಾನಕ್ಕೆ ಬಂದಳು. ಬ್ಲೌಸ್ ಪೀಸುಗಳು ಸಾಹುಕಾರರ ಅಂಗಡಿಯವು. ನಮ್ಮ ತಂಡಕ್ಕೆ ಕೊಟ್ಟಳು. ಎದುರು ತಂಡದವರು ನೋಡುತ್ತಾ ನಿಂತಿದ್ದರು, ಅವರಿಗೂ ಕೊಟ್ಟಳು. ಆಮೇಲೆ ಮೈದಾನದ ಮಧ್ಯದಲ್ಲಿ ಕಪ್ಪು ಬಟ್ಟೆ ಹಾಕಿಕೊಂಡು ಸೀಟಿ ಹಿಡಿದು ನಿಂತಿದ್ದ ರೆಫರಿ ಕಣ್ಣಿಗೆ ಬಿದ್ದರು. ಅವರೂ ಹೆಣ್ಣುಮಗಳೇ. ಬೇಡ ಕಣೇ ಅಂತ ನಾನು ಹೇಳುವಷ್ಟರಲ್ಲಿ ಇವಳು ಅಲ್ಲಿಗೆ ಹೋಗಿ ಆಗಿತ್ತು.

ರೆಫರಿ ಒಳ್ಳೆಯವರು, ಬೇಡ ಅನ್ನಲಿಲ್ಲ. ಕುಂಕುಮ ಇಟ್ಟುಕೊಂಡು, ಬ್ಲೌಸ್ ಪೀಸನ್ನು ಎಲ್ಲಿಡುವುದು ಅಂತ ತಿಳಿಯದೆ ಮಡಿಸಿ ಜೇಬಿಗೆ ತುರುಕಿಕೊಂಡು ಸೀಟಿ ಊದಿದರು.

ಆಟ ಬಿರುಸಾಯಿತು. ನಮ್ಮ ಡಿಫೆಂಡರ್ ಹುಡುಗಿ ಎದುರಾಳಿ ಒಬ್ಬಳಿಗೆ ಕಾಲು ಅಡ್ಡ ಕೊಟ್ಟಳು. ರೆಫರಿ ಓಡಿ ಬಂದರು, ಜೇಬಿಗೆ ಕೈ ಹಾಕಿದರು, ನಿಯಮದ ಪ್ರಕಾರ ಕೈಯನ್ನು ನೆಟ್ಟಗೆ ಮೇಲಕ್ಕೆ ಎತ್ತಿದರು. ಅವರು ತೋರಿಸಬೇಕಾಗಿದ್ದು ಎಚ್ಚರಿಕೆಯ ಹಳದಿ ಕಾರ್ಡು. ಕೈಯಲ್ಲಿ ಇದ್ದದ್ದು ಸಾಹುಕಾರರ ಅಂಗಡಿಯ ಕುಂಕುಮ ಕೆಂಪು ಬ್ಲೌಸ್ ಪೀಸು.

ಕೆಂಪು ಅಂದರೆ ಆಟದಿಂದ ಹೊರಗೆ. ಅದು ಕಂಡ ಕೂಡಲೇ ನಮ್ಮ ಹುಡುಗಿ ತಲೆ ತಗ್ಗಿಸಿ ಮೈದಾನದಿಂದ ಆಚೆ ನಡೆದುಬಿಟ್ಟಳು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಅಳುತ್ತಾ ಕೂತಳು. ಅದು ಕಾರ್ಡಲ್ಲ, ಬಟ್ಟೆ ಅಂತ ಅವಳಿಗೆ ತಿಳಿಸಿ ಹೇಳಿ ಕರೆತರುವ ತನಕ ನಮ್ಮವರು ಒಬ್ಬಳು ಕಡಿಮೆಯಲ್ಲೇ ಆಡಿದರು. ಅಷ್ಟು ಹೊತ್ತೂ ಬಂದ ಚೆಂಡುಗಳನ್ನೆಲ್ಲ ಗೋಲ್‌ಕೀಪರ್ ಒಬ್ಬಳೇ ತಡೆದಳು. ಮ್ಯಾಚು ಉಳಿಯಿತು.

ಆ ವರ್ಷವಾದರೂ ಗೋಲ್‌ಕೀಪರ್‌ಗೆ ಅಂತ ನಾವು ಮೂವರು ಗಂಡಸರೂ ಮನಸ್ಸಿನಲ್ಲಿ ಅಂದುಕೊಂಡೇ ಪ್ರೆಸ್ಸಿಗೆ ಬಂದೆವು. ಅಮ್ಮ ಶುರು ಮಾಡಿದರು. ಅಷ್ಟು ದೊಡ್ಡ ತಪ್ಪು ಮಾಡದಿದ್ದರೂ ದೊಡ್ಡವರ ತೀರ್ಪಿಗೆ ಎದುರು ಮಾತಾಡದೆ ಆಚೆ ನಡೆದ ಹುಡುಗಿ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಅಂತ ಕೇಳಿದರು. ಎಲ್ಲಿ ಸಿಗುತ್ತಾಳೆ ಅಂತ ನಾವೂ ಯೋಚಿಸಿದೆವು. ಎಲ್ಲೂ ಸಿಗುವುದಿಲ್ಲ ಅನ್ನಿಸಿತು. ಶಾಲು ಡಿಫೆಂಡರ್‌ಗೆ ಹೋಯಿತು. ನನ್ನ ಹೆಂಡತಿ ಮಾತ್ರ ಅಂದಿನಿಂದ ರೆಫರಿಗಳಿಗೆ ಹಸಿರು ಬ್ಲೌಸ್ ಪೀಸನ್ನೇ ಕೊಡುತ್ತಾಳೆ.

ಮೊಮ್ಮಕ್ಕಳೊಂದಿಗೆ ಸುಖವಾಗಿರಿ

ಶಾಲಿನ ಜೊತೆ ಒಂದು ಬಿನ್ನವತ್ತಳೆಯೂ ಇರಬೇಕು ಅಂತ ಹೊರಟಿದ್ದು ನಾನೇ. ಚೌಕಟ್ಟಿನೊಳಗೆ ಬಳ್ಳಿಯ ಅಂಚು, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಕೆಳಗೆ ಹೊಗಳಿಕೆ. ಹಿಂದೆ ನಮ್ಮ ಪ್ರೆಸ್ಸಿನಲ್ಲಿ ವಾರಕ್ಕೊಂದಾದರೂ ಬಿನ್ನವತ್ತಳೆ ಅಚ್ಚಾಗುತ್ತಿತ್ತು. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ, ಮಸಿ ಹಚ್ಚಿ, ಮೊದಲ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವ ಆ ಸಂತೋಷ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಈ ನೆಪದಲ್ಲಾದರೂ ಮಿಷನ್ ಒಂದು ಸಲ ತಿರುಗಲಿ ಅನ್ನುವುದು ನನ್ನ ಆಸೆ.

ಬರೆಯುವ ಕೆಲಸ ಮೇಷ್ಟ್ರದ್ದು. ಬಸವನಗುಡಿಯಲ್ಲಿ ನಿವೃತ್ತರಾದ ಎಷ್ಟೋ ಜನ ಉಪಾಧ್ಯಾಯರಿಗೆ ಅವರೇ ಬಿನ್ನವತ್ತಳೆ ಬರೆದವರು. ಎಲ್ಲರಿಗೂ ಒಂದೇ ಬಿನ್ನವತ್ತಳೆ ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ಹೆಸರು ಬದಲಾಯಿಸಿದರೆ ಸಾಕು ಅನ್ನುವುದು ಅವರ ಪದ್ಧತಿ. ಮೊಳೆ ಜೋಡಿಸುವ ನನಗೆ ಕಾಣುವುದು ಅಕ್ಷರ, ಅರ್ಥವಲ್ಲ. ಫಾರ್ವರ್ಡ್ ಹುಡುಗಿಗೆ ಎರಡನೇ ಸಲ ಪ್ರಶಸ್ತಿ ಬಂದ ವರ್ಷ, ಅದೂ ಗೋಲ್‌ಕೀಪರ್ ಅಮ್ಮನ ಮಾತಿನಿಂದಲೇ ಬಂದದ್ದು, ಮೇಷ್ಟ್ರು ವೇದಿಕೆಯ ಮೇಲೆ ನಿಂತು ಗಂಭೀರವಾಗಿ ಓದಿದರು. “ಮಿತಭಾಷಿಗಳೂ, ಬಿಳಿಯ ವಸ್ತ್ರಧಾರಿಗಳೂ ಆದ ತಾವು ಸುದೀರ್ಘ ಸೇವೆಯ ನಂತರ ಇಂದು ನಿವೃತ್ತರಾಗುತ್ತಿದ್ದು, ತಮ್ಮ ವಿಶ್ರಾಂತ ಜೀವನವು ಮೊಮ್ಮಕ್ಕಳೊಂದಿಗೆ ಸುಖಮಯವಾಗಿರಲಿ.”

ಹುಡುಗಿ ಆಗ ಪಿಯುಸಿ ಓದುತ್ತಿದ್ದಳು. ಸಭೆಯಲ್ಲಿ ಕೂತಿದ್ದ ಅವಳ ತಂದೆ ಎದ್ದು ನಿಂತು, ಮೊಮ್ಮಕ್ಕಳು ಯಾರದು ಅಂತ ಕೇಳಿದರು. ಕೇಳಿದ ರೀತಿ ಅಷ್ಟು ಚೆನ್ನಾಗಿರಲಿಲ್ಲ. ಮೇಷ್ಟ್ರು ಕನ್ನಡಕ ಒರೆಸಿಕೊಳ್ಳಲು ಶುರು ಮಾಡಿದರು.

ಗೋಲ್‌ಕೀಪರ್ ಅಮ್ಮ ಆ ಕೂಡಲೇ ವೇದಿಕೆ ಹತ್ತಿದರು. “ಅಣ್ಣ, ಕೂತ್ಕೊಳಿ. ಹರಸೋವಾಗ ದೊಡ್ಡವರು ಇವತ್ತಿಗೆ ಮಾತ್ರ ಹರಸ್ತಾರಾ? ಮುತ್ತೈದೆಗೆ ದೀರ್ಘ ಸುಮಂಗಲಿ ಭವ ಅಂತೀವಿ, ಮಗುಗೆ ನೂರು ವರ್ಷ ಬಾಳು ಅಂತೀವಿ. ಮೇಷ್ಟ್ರು ನಿಮ್ಮ ಮಗಳ ಪೂರ್ತಿ ಆಯುಸ್ಸು ಹರಸಿದಾರೆ, ಅರ್ಧಕ್ಕೆ ನಿಲ್ಸಿಲ್ಲ,” ಅಂದರು. ಜನ ಚಪ್ಪಾಳೆ ತಟ್ಟಿದರು. ತಂದೆ ಕಣ್ಣು ಒರೆಸಿಕೊಂಡರು.

ಆ ಬಿನ್ನವತ್ತಳೆ ಇವತ್ತಿಗೂ ಅವರ ಮನೆಯ ಹಾಲಿನಲ್ಲಿ ತೂಗುತ್ತಿದೆ. ಮೊನ್ನೆ ಸಿಕ್ಕಾಗ ಅವಳ ತಂದೆ ನನಗೆ ಹೇಳಿದರು, ಮಗಳು ನಿವೃತ್ತಳಾಗುವಾಗ ಮತ್ತೊಂದು ಬರೆಸುವ ತಾಪತ್ರಯ ತಪ್ಪಿತಂತೆ.

ಎಡಗಡೆ

ಈ ವರ್ಷ ಸೀಸನ್ ಮುಗಿಯುವ ಹೊತ್ತಿಗೆ ಗೋಲ್‌ಕೀಪರ್ ಹುಡುಗಿಗೆ ಧಾರವಾಡದ ಕಡೆ ಒಂದು ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿತು. ಇದೇ ಅವಳ ಕೊನೆಯ ವರ್ಷ. ದೊಡ್ಡ ಗ್ಲೌಸ್ ಹಾಕಿಕೊಂಡು ಸಾಹುಕಾರರ ಮುಂದೆ ಮಾತಿಲ್ಲದೆ ನಿಂತಿದ್ದ ಹುಡುಗಿ ಊರು ಬಿಟ್ಟು ಹೋಗುತ್ತಾಳೆ ಅಂದಾಗ ನನಗೆ ನಮ್ಮ ಮನೆಯವಳೇ ಹೊರಟ ಹಾಗಾಯಿತು. ಈಗ ಶಾಲು ಹೊದಿಸಲಿಲ್ಲ ಅಂದರೆ ಇನ್ನು ಯಾವತ್ತೂ ಇಲ್ಲ.

ನಾವು ಮೂವರು ಗಂಡಸರು ಮೊದಲೇ ಸೇರಿ ಒಂದು ಹೊಂಚು ಹಾಕಿದೆವು. ಅಮ್ಮ ಮಾತಾಡಿದರೆ ಕೆಟ್ಟಿತು, ಆದ್ದರಿಂದ ಅವರು ಮಾತಾಡಲೇ ಬಾರದು. ಅವರು ನಿಪ್ಪಟ್ಟಿನ ಡಬ್ಬಿ, ಕಾಫಿ ಫ್ಲಾಸ್ಕು ಹಿಡಿದು ಪ್ರೆಸ್ಸಿಗೆ ಬಂದು ಕೂತ ಮೇಲೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಯಾರ ಮಕ್ಕಳು ತಂಡದಲ್ಲಿ ಆಡುತ್ತಾರೋ ಅವರು ಈ ವರ್ಷದಿಂದ ಚರ್ಚೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಹೊಸ ನಿಯಮ, ಅಂತ ಹೇಳಿದರು. ಅಂಥವರು ಅಲ್ಲಿ ಇದ್ದದ್ದು ಅವರೊಬ್ಬರೇ. ಅಮ್ಮ ಒಂದು ಕ್ಷಣ ನಮ್ಮ ಮುಖ ನೋಡಿದರು. ಸರಿ ಬಿಡಿ, ನನಗೇನು ಅಂದು, ಕಾಗದದ ಬಂಡಲಿನ ಮೇಲೆ ಕೂತು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಸುಮ್ಮನಾದರು.

ಈಗ ನಾವು ಮಾತಾಡಬೇಕು. ಅಲ್ಲೇ ಎಡವಟ್ಟಾಗಿದ್ದು. ಇಷ್ಟು ವರ್ಷ ಮಾತನ್ನೆಲ್ಲ ಅವರಿಗೇ ಬಿಟ್ಟಿದ್ದ ನಮಗೆ ಒಬ್ಬ ಆಟಗಾರ್ತಿಯನ್ನು ಹೇಗೆ ಹೊಗಳುವುದು ಅಂತಲೇ ಬರುವುದಿಲ್ಲ. ಸಾಹುಕಾರರು ಮೊದಲು ಹೊರಟರು. ಹುಡುಗಿ ಎತ್ತರ ಇದ್ದಾಳೆ ಅಂದರು. ಸ್ವಲ್ಪ ಯೋಚಿಸಿ, ಗಟ್ಟಿ ಮಾಲು, ಎಷ್ಟು ವರ್ಷ ಆದರೂ ಬಣ್ಣ ಬಿಟ್ಟಿಲ್ಲ ಅಂದರು. ಮೇಷ್ಟ್ರು ಗೋಲ್‌ಕೀಪರ್ ಅಂದರೆ ಸೊನ್ನೆ ಅಂತ ಶುರು ಮಾಡಿ, ಸೊನ್ನೆ ಬಹಳ ಮುಖ್ಯ ಅಂದು, ಸೊನ್ನೆಯನ್ನು ಕಂಡುಹಿಡಿದವರು ನಮ್ಮವರೇ ಅನ್ನುವ ತನಕ ಹೋಗಿ, ಹುಡುಗಿಯ ಹತ್ತಿರ ವಾಪಸ್ಸು ಬರುವ ದಾರಿ ಕಾಣದೆ ನಿಂತರು. ನನ್ನ ಹೆಂಡತಿ, ಪಾಪ, ಮಗು ಕುಂಕುಮ ಇಟ್ಟರೆ ಮ್ಯಾಚು ಮುಗಿಯುವ ತನಕ ಅಳಿಸಿಕೊಳ್ಳುವುದಿಲ್ಲ ಅಂದಳು. ಬಂಡಲಿನ ಮೇಲೆ ಕೂತಿದ್ದ ಅಮ್ಮನಿಗೆ ಸಂಕಟ ಆಗುತ್ತಿದ್ದದ್ದು ಮುಖದಲ್ಲೇ ಕಾಣುತ್ತಿತ್ತು.

ಕೊನೆಗೆ ನಾನು ಧೈರ್ಯ ಮಾಡಿ, ಸೆಮಿಫೈನಲ್ ಪೆನಾಲ್ಟಿಯ ಮಾತು ತೆಗೆದೆ. ಅದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೆವು. ಕೊನೆಯ ಹೊತ್ತು, ಹೊಡೆಯುವವಳು ಅವರ ಕ್ಯಾಪ್ಟನ್. “ನಮ್ಮ ಹುಡುಗಿ ಬಲಗಡೆಗೆ ಹಾರಿ ಹಿಡಿದ್ಲು ನೋಡಿ,” ಅಂದೆ.

“ಎಡಗಡೆ,” ಅಂತ ಬಂಡಲಿನ ಕಡೆಯಿಂದ ಬಂತು.

ಎಲ್ಲರೂ ತಿರುಗಿದೆವು. ಅಮ್ಮ ಎದ್ದು ನಿಂತಿದ್ದರು.

“ಎಡಗಡೆ ಅಣ್ಣ. ಬಲಗೈ ಹೆಬ್ಬೆರಳು ಊದ್ಕೊಂಡು ಮಡಿಸೋಕೆ ಆಗ್ತಿರ್ಲಿಲ್ಲ ಅವಳಿಗೆ. ಬಲಗಡೆ ಬಾಲ್ ಬಂದಿದ್ರೆ ಹಿಡಿಯೋಕೆ ಆಗ್ತಿತ್ತಾ? ಅದಕ್ಕೇ ಬೇಕಂತ್ಲೇ ಬಲಕ್ಕೆ ಸರಿದು ನಿಂತ್ಲು. ಎಡಗಡೆ ಖಾಲಿ ಕಂಡ್ರೆ ಆ ಹುಡುಗಿ ಅಲ್ಲೇ ಹೊಡೀತಾಳೆ ಅಂತ. ಅಲ್ಲೇ ಹೊಡೆದ್ಲು, ಇವಳು ಅಲ್ಲಿದ್ಲು. ನೀವೆಲ್ಲ ಅಲ್ಲೇ ಕೂತಿದ್ರಿ, ಯಾರಿಗೂ ಕಾಣ್ಲಿಲ್ವಾ?”

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ರಾಹುಕಾಲದ ಮ್ಯಾಚಿನಲ್ಲಿ ಒಳಗೆ ಹೋದ ಎರಡು ಗೋಲು ಯಾರ ತಪ್ಪು ಅಂತ ಬಿಡಿಸಿ ಹೇಳಿದರು. ಬ್ಲೌಸ್ ಪೀಸಿನ ಮ್ಯಾಚಿನಲ್ಲಿ ಅವಳು ಮೊಣಕೈ ತರಚಿಸಿಕೊಂಡು, ಸ್ನಾನ ಮಾಡುವಾಗ ಉರಿ ತಡೆಯಲಾರದೆ ಬಚ್ಚಲಿನಲ್ಲಿ ಅತ್ತಿದ್ದನ್ನು ಹೇಳಿದರು. ಗೋಲು ಬಿಟ್ಟ ರಾತ್ರಿಗಳಲ್ಲಿ ಅವಳು ಊಟ ಬೇಡ ಅನ್ನುತ್ತಾಳೆ, ನಾನೂ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತೇನೆ ಅಂದರು. ಬೇರೆ ಹುಡುಗಿಯರ ಬಗ್ಗೆ ಅವರು ಮಾತಾಡುವಾಗ ನಗಿಸುತ್ತಿದ್ದರು. ಅವತ್ತು ನನ್ನ ಹೆಂಡತಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಕಾಫಿ ಆರಿ ಹೋಗಿತ್ತು.

ಇದ್ದಕ್ಕಿದ್ದ ಹಾಗೆ ಅವರಿಗೆ ಎಚ್ಚರವಾಯಿತು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಅಯ್ಯೋ, ನಾನು ಮಾತಾಡಬಾರದಿತ್ತಲ್ಲ ಅಂದರು.

“ನೀವೆಲ್ಲಿ ಮಾತಾಡಿದ್ರಿ ತಾಯಿ, ನಮ್ಮ ತಪ್ಪು ತಿದ್ದಿದ್ರಿ ಅಷ್ಟೇ,” ಅಂದರು ಮೇಷ್ಟ್ರು. ಹಾಗಂದು ನಿಪ್ಪಟ್ಟಿಗೆ ಕೈ ಹಾಕಿದರು. ನಿಪ್ಪಟ್ಟಿಗೆ ಕೈ ಹಾಕಿದರೆ ತೀರ್ಮಾನ ಆಯಿತು ಅಂತಲೇ ಲೆಕ್ಕ.

ಸಮಾರಂಭ ಮೈದಾನದ ಪಕ್ಕದ ಸ್ಕೂಲಿನ ಹಾಲಿನಲ್ಲಿ ನಡೆಯಿತು. ನಾನು ಮೊಳೆ ಜೋಡಿಸಿ, ಮಿಷನ್ನಿಗೆ ಎಣ್ಣೆ ಬಿಟ್ಟು, ಬಿನ್ನವತ್ತಳೆಯನ್ನು ನನ್ನ ಕೈಯಾರೆ ಅಚ್ಚು ಹಾಕಿದ್ದೆ. ಅದರಲ್ಲಿ ಮೊಮ್ಮಕ್ಕಳು ಇಲ್ಲ ಅಂತ ನನ್ನ ಹೆಂಡತಿ ಓದಿ ಖಾತ್ರಿ ಮಾಡಿಕೊಂಡಿದ್ದಳು. ಸಾಹುಕಾರರು ರಾಮಾ ಗ್ರೀನ್ ಶಾಲನ್ನು ಬಿಡಿಸಿ ಹಿಡಿದು ನಿಂತರು. ಅಮ್ಮ ಮುಂದಿನ ಸಾಲಿನಲ್ಲಿ, ಹಬ್ಬದ ಸೀರೆ ಉಟ್ಟು, ಅಂಗಡಿಗೆ ಬಾಗಿಲು ಹಾಕಿ ಬಂದು ಕೂತಿದ್ದರು.

ಶಾಲು ಹೊದಿಸುವ ಮೊದಲು ಎರಡು ಮಾತಾಡುತ್ತೇನೆ ಅಂತ ಹುಡುಗಿ ಮೈಕ್ ತೆಗೆದುಕೊಂಡಳು. ಆ ಹುಡುಗಿ ಹೀಗೆ ಜನರ ಮುಂದೆ ಮಾತಾಡಿದ್ದನ್ನು ನಾವು ಯಾವತ್ತೂ ಕೇಳಿರಲಿಲ್ಲ. ಎಲ್ಲರಿಗೂ ನಮಸ್ಕಾರ ಮಾಡಿ, ಈ ಶ್ರೇಯಸ್ಸು ತನ್ನದಲ್ಲ ಅಂದಳು. ಈ ವರ್ಷ ಹೊಸದಾಗಿ ಬಂದ, ಮೈದಾನದ ಅಂಚಿನಲ್ಲಿ ಓಡಿ ಆಡುವ ವಿಂಗರ್ ಹುಡುಗಿ ಇದ್ದಾಳಲ್ಲ, ಅವಳು ಬೆಳಗ್ಗೆ ಹೂವಿನ ಮಾರ್ಕೆಟ್ಟಿನಲ್ಲಿ ಅಪ್ಪನಿಗೆ ಕೈ ಜೋಡಿಸಿ, ಆಮೇಲೆ ಕಾಲೇಜಿಗೆ ಹೋಗಿ, ಸಾಯಂಕಾಲ ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬರುತ್ತಾಳೆ ಅಂದಳು. ಅವಳ ಕಾಲಿನ ವೇಗ, ಅವಳ ತಾಳ್ಮೆ, ಬಿದ್ದವರನ್ನು ಎತ್ತುವ ಅವಳ ಗುಣ, ಒಂದೊಂದಾಗಿ ಬಂತು. ಅವರಮ್ಮನದೇ ಧ್ವನಿ, ಅದೇ ವರಸೆ. ಹೊಗಳಿಕೆಯ ನಡುವೆ ನಗಿಸುವ ಅದೇ ಕಲೆ. ಸಭೆಯಲ್ಲಿ ಜನ ತಲೆದೂಗತೊಡಗಿದರು. ಮೇಷ್ಟ್ರು ಹೌದು ಹೌದು ಅಂದರು. ನನಗೂ ಹೌದಲ್ಲ ಅನ್ನಿಸತೊಡಗಿತು. ನೋಡುತ್ತೇನೆ, ಸಾಹುಕಾರರು ಶಾಲು ಹಿಡಿದುಕೊಂಡೇ ಎರಡು ಹೆಜ್ಜೆ ಆ ವಿಂಗರ್ ಹುಡುಗಿಯ ಕಡೆ ಹೋಗಿಯಾಗಿದೆ.

ಆಗ ಮುಂದಿನ ಸಾಲಿನಲ್ಲಿ ಅಮ್ಮ ಎದ್ದು ನಿಂತರು. ಮೈಕ್ ಬೇಕಾಗಲಿಲ್ಲ.

“ಊರ ಮಕ್ಕಳಿಗೆಲ್ಲ ಕೊಡ್ಸೋಕೆ ನಾನೊಬ್ಬಳಿದೀನಿ, ಆ ಕೆಲಸ ನಿಂಗೆ ಬೇಡ. ಬಾಯ್ಮುಚ್ಕೊಂಡು ಶಾಲು ಹೊದ್ಕೊಳೇ.”